ಉಪಾಧ್ಯಾಯರ ಮನೆಗೆ ಬಂದ ಪಾಠಶಾಲೆ

ಓದುವುದು ವಿದ್ಯಾರ್ಥಿಯ ಕೆಲಸ, ಓದಿಸುವುದು ಉಪಾಧ್ಯಾಯರ ಕೆಲಸ ಎಂಬುದು ಲೋಕರೂಢಿ. ಸಂಜೆಯ ಗಂಟೆ ಹೊಡೆದೊಡನೆ ಮಕ್ಕಳು ಪುಸ್ತಕದ ಚೀಲವನ್ನು ಹೆಗಲಿಗೇರಿಸಿ ಮನೆಯ ಕಡೆಗೆ ಓಡುವರು; ಮೇಷ್ಟರು ಮನೆಗೆ ಹೋಗಿ ಏನು ಮಾಡುವರೆಂಬ ಯೋಚನೆ ಅವರಲ್ಲಿ ಯಾರಿಗೂ ಹುಟ್ಟುವುದಿಲ್ಲ. ಹುಟ್ಟಿದರೂ, ಅವರು ತಮ್ಮಂತೆಯೇ ಪಾಠ ಕೇಳುತ್ತ, ಪ್ರಶ್ನೆಗಳಿಗೆ ಉತ್ತರ ಗುರುತಿಸುತ್ತ, ತಪ್ಪಿದಾಗ ಅಂಕ ಕಳೆದುಕೊಳ್ಳುತ್ತ ಕುಳಿತಿರಬಹುದೆಂದು ಯಾವ ವಿದ್ಯಾರ್ಥಿಯೂ ಊಹಿಸಲಾರನು. ಈಚಿನ ವರ್ಷಗಳಲ್ಲಿ ನಾಡಿನ ಅಸಂಖ್ಯ ಮನೆಗಳಲ್ಲಿ ನಡೆದಿರುವುದು ಅದೇ.

ಕೂಡ್ಲಿಗಿಯಿಂದ ಗುಡೇಕೋಟೆಯ ಕಡೆಗೆ, ಬಂಡೆಗಲ್ಲಿನ ಗುಡ್ಡಗಳ ನಡುವೆ ಇರುವ ಒಂದು ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವ ಉಪಾಧ್ಯಾಯಿನಿಯೊಬ್ಬರನ್ನು ಊಹಿಸಿಕೊಳ್ಳೋಣ. ರಾತ್ರಿ ಊಟವಾಗಿದೆ; ಪಾತ್ರೆಗಳನ್ನು ತೊಳೆದಿಟ್ಟಾಗಿದೆ; ಮಕ್ಕಳು ಮಲಗಿದ್ದಾರೆ. ಅವರು ಫೋನನ್ನು ಕೈಗೆತ್ತಿಕೊಂಡು ಋತುಗಳ ಮತ್ತು ನೆರಳಿನ ಪಾಠವನ್ನು ಮಕ್ಕಳಿಗೆ ಕಲಿಸುವುದು ಹೇಗೆಂಬ ಉಪನ್ಯಾಸವನ್ನು ತೆರೆಯುತ್ತಾರೆ. ಇಪ್ಪತ್ತು ನಿಮಿಷದ ಚಿತ್ರ. ನಡುನಡುವೆ ಅದು ನಿಂತುಹೋಗಿ, ಪರದೆಯ ಮೇಲೆ ಒಂದು ಬಳೆ ತಿರುಗತೊಡಗುತ್ತದೆ. ಕೊನೆಗೆ ಹತ್ತು ಪ್ರಶ್ನೆಗಳು. ನಿಗದಿಯಾದಷ್ಟು ಅಂಕ ಬಂದರೆ ಪ್ರಮಾಣಪತ್ರ. ಮರುದಿನ ಬೆಳಿಗ್ಗೆ ಅವರು ಕಪ್ಪುಹಲಗೆಯ ಮುಂದೆ ನಿಲ್ಲುತ್ತಾರೆ. ನಿನ್ನೆಯ ರಾತ್ರಿಯ ಪಾಠದಲ್ಲಿ ಎಷ್ಟು ಪಾಲು ಇಂದಿನ ತರಗತಿಗೆ ಇಳಿದುಬಂದಿತು? ಈ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಇದೊಂದನ್ನೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳಿಗೆ ಹೊಸಪೇಟೆಯನ್ನು ಸೇರಿಸಿದರೆ 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಾಗುತ್ತದೆ. ಈ ಸೀಮೆಯ ಗಡಿರೇಖೆಗಳು ಹಲವು ಸಲ ಸರಿದಾಡಿವೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿಯೊಡನೆ ಮದ್ರಾಸಿಗೆ ಸೇರಿತ್ತು. ಆ ಮೇಲೆ ಮೈಸೂರಿಗೆ ಬಂದಿತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಅನಂತರ ಬಳ್ಳಾರಿಗೆ ಮರಳಿ, ಈಗ ವಿಜಯನಗರಕ್ಕೆ ಸೇರಿದೆ. ಕಚೇರಿಯ ಊರು ಬದಲಾದರೂ ಹಳ್ಳಿಗಳ ನಡುವಣ ದಾರಿ ಕುಗ್ಗಲಿಲ್ಲ. ಪಶ್ಚಿಮದಲ್ಲಿ ತುಂಗಭದ್ರೆ ಹರಿದರೂ ನೆಲದ ಬಹುಭಾಗ ಮಳೆಯನ್ನೇ ನಂಬಿದ ಹೊಲ. ಊರುಗಳು ಅಲ್ಲೊಂದು ಇಲ್ಲೊಂದು. ಇಂಥಲ್ಲಿ ಇಬ್ಬರೇ ಉಪಾಧ್ಯಾಯರಿರುವ ಶಾಲೆಯಿಂದ ಒಬ್ಬರು ತರಬೇತಿಗೆಂದು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಐದು ದಿನ ಹೋದರೆ, ಅರ್ಧ ಶಾಲೆ ಐದು ದಿನ ಅನಾಥವಾಗುತ್ತದೆ. ಉಪಾಧ್ಯಾಯರನ್ನು ಪಾಠದ ಬಳಿಗೆ ಕರೆಯುವುದಕ್ಕಿಂತ ಪಾಠವನ್ನೇ ಉಪಾಧ್ಯಾಯರ ಬಳಿಗೆ ಕಳುಹಿಸುವುದು ಮೇಲೆಂಬ ಆಲೋಚನೆ ಹುಟ್ಟಿದ್ದು ಇಂಥ ಕಷ್ಟದಿಂದಲೇ.

ಆ ಆಲೋಚನೆ ಹೊಸದಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು 1963ರಲ್ಲಿ ಸ್ಥಾಪಿತವಾಯಿತು. ಈ ಬಗೆಯ ಕಾಲೇಜುಗಳಲ್ಲಿ 1966ರಿಂದ ಬೇಸಿಗೆಯ ಶಿಬಿರ ಮತ್ತು ಅಂಚೆಯ ಪಾಠಗಳನ್ನು ಕೂಡಿಸಿ ಉಪಾಧ್ಯಾಯರಿಗೆ ಪದವಿ ಶಿಕ್ಷಣ ಕೊಡಲಾಯಿತು. ಇದಕ್ಕಿಂತ ಸ್ವಾರಸ್ಯವಾದದ್ದು 1975ರ ಪ್ರಯೋಗ. ಆ ವರ್ಷದ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳು ಹರಿದುಬಂದವು. ಕರ್ನಾಟಕದ ಪಾಲಿಗೆ ಬಂದವು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಅಂದರೆ ತುಂಗಭದ್ರೆಯ ಆಚೆಯ ದಡದವರೆಗೆ ಪಾಠ ಬಂದಿತು, ನಮ್ಮ ಐದು ತಾಲ್ಲೂಕುಗಳಿರುವ ಈಚೆಯ ದಡಕ್ಕೆ ದಾಟಲಿಲ್ಲ. ಆಕಾಶದಿಂದ ಬಂದ ಅಲೆಗಳನ್ನು ಹಿಡಿಯುತ್ತಿದ್ದುದು ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ತಟ್ಟೆ.

ಆ ಒಂದು ವರ್ಷದಲ್ಲಿ ಸುಮಾರು 50,000 ಪ್ರಾಥಮಿಕ ಶಾಲಾ ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯಲ್ಲಿ ಹನ್ನೆರಡು ದಿನಗಳ ತರಬೇತಿ ನಡೆಯಿತು. ಅದರ ಕ್ರಮವನ್ನು ವಾಚಕರು ಚೆನ್ನಾಗಿ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಾವು ಅದಕ್ಕೆ ಮರಳಿ ಬರಲಿದ್ದೇವೆ. ದೂರದರ್ಶನದ ಪಾಠ ದಿನದ ಒಂದು ಭಾಗ ಮಾತ್ರ. ಅದರ ಜೊತೆಗೆ ಆಕಾಶವಾಣಿಯ ಪಾಠ, ಅಚ್ಚು ಹಾಕಿದ ಕೈಪಿಡಿ, ಕೈಯಿಂದಲೇ ಮಾಡಬೇಕಾದ ಪ್ರಯೋಗಗಳು, ಮತ್ತು ಪ್ರತಿ ಕೇಂದ್ರದಲ್ಲಿಯೂ ಚರ್ಚೆ ನಡೆಸಲು ಒಬ್ಬ ಅನುಭವಿ ಉಪಾಧ್ಯಾಯ. ಪೆಟ್ಟಿಗೆಯ ಮುಂದೆ ಯಾರನ್ನೂ ಒಂಟಿಯಾಗಿ ಕೂರಿಸಲಿಲ್ಲ.

ಮುಂದಿನ ಹೆಜ್ಜೆಗಳನ್ನು ಬೇಗ ದಾಟೋಣ. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಶ್ರೀಹರಿಕೋಟೆಯಿಂದ ಮೇಲೇರಿತು. ಅದರ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ತಲುಪಿದವು. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯ ದಿನವೇ, ಕೇಂದ್ರ ಸರ್ಕಾರದ 'ದೀಕ್ಷಾ' ಎಂಬ ಅಂತರ್ಜಾಲ ವೇದಿಕೆ ಆರಂಭವಾಯಿತು. ಅದರ ತಳಹದಿಯಾದ ಗಣಕಕ್ರಮವನ್ನು ಹೆಣೆದದ್ದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ. 2019ರ ಆಗಸ್ಟಿನಲ್ಲಿ 'ನಿಷ್ಠಾ' ಎಂಬ ತರಬೇತಿ ಯೋಜನೆ ಮುಖಾಮುಖಿಯಾಗಿಯೇ ಮೊದಲಾಯಿತು. 42 ಲಕ್ಷ ಉಪಾಧ್ಯಾಯರನ್ನು ಮುಟ್ಟುವುದು ಅದರ ಗುರಿ. ಅಷ್ಟರಲ್ಲಿ ಕೊರೋನಾ ಬಂದು ಶಾಲೆಗಳ ಬಾಗಿಲು ಮುಚ್ಚಿತು. 2020ರ ಅಕ್ಟೋಬರಿನಲ್ಲಿ ಅದೇ ತರಬೇತಿ 18 ಭಾಗಗಳಾಗಿ ದೀಕ್ಷಾ ವೇದಿಕೆಯನ್ನೇರಿ ಉಪಾಧ್ಯಾಯರ ಅಡುಗೆಮನೆಯವರೆಗೆ ಬಂದಿತು.

ಹೀಗೆ ಬರುವ ಪಾಠದ ಬಾಗಿಲು ಕೆಲವೊಮ್ಮೆ ಪಠ್ಯಪುಸ್ತಕದ ಪುಟದಲ್ಲಿಯೇ ಇರುವುದುಂಟು. ಕಪ್ಪು-ಬಿಳಿ ಚೌಕಗಳ ಆ ಸಣ್ಣ ಚಿತ್ರವನ್ನು ನೀವೆಲ್ಲ ಕಂಡಿದ್ದೀರಿ. ಕ್ಯೂಆರ್ ಸಂಕೇತವೆಂಬ ಇದನ್ನು 1994ರಲ್ಲಿ ಜಪಾನಿನ ಮಸಾಹಿರೊ ಹಾರಾ ಮತ್ತು ಅವರ ಸಂಗಡಿಗರು ಮೋಟಾರು ಕಾರಿನ ಬಿಡಿಭಾಗಗಳನ್ನು ಗುರುತಿಸುವುದಕ್ಕೆಂದು ರಚಿಸಿದರು. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳು ಚಿತ್ರದ ತಲೆ ಯಾವ ಕಡೆಗಿದೆ ಎಂಬುದನ್ನು ಫೋನಿನ ಕಣ್ಣಿಗೆ ತಿಳಿಸುತ್ತವೆ. ಆದುದರಿಂದ ಪುಸ್ತಕವನ್ನು ಓರೆಯಾಗಿ ಹಿಡಿದರೂ ಚಿಂತೆಯಿಲ್ಲ. ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಕಂಡುಹಿಡಿದ ಒಂದು ಉಪಾಯದಿಂದ ಚಿತ್ರದ ಸ್ವಲ್ಪ ಭಾಗ ಅಳಿಸಿಹೋದರೂ ಉಳಿದ ಭಾಗದಿಂದ ಅದನ್ನು ಲೆಕ್ಕ ಹಾಕಿ ತುಂಬಿಕೊಳ್ಳಬಹುದು. ಹೆಚ್ಚಿನ ರಕ್ಷಣೆಯಿರುವ ಸಂಕೇತದಲ್ಲಿ ನೂರಕ್ಕೆ ಮೂವತ್ತು ಪಾಲಿನವರೆಗೆ ಕೆಟ್ಟರೂ ಸಂದೇಶ ಉಳಿಯುತ್ತದೆ. ಶಾಯಿಯ ಕಲೆ, ಎಣ್ಣೆಯ ಕೈ, ಮಡಿಸಿದ ಮೂಲೆ, ನಮ್ಮ ಪಠ್ಯಪುಸ್ತಕಗಳಿಗೆ ತಪ್ಪದ ಈ ವಿಪತ್ತುಗಳನ್ನು ಆ ಗಣಿತ ಸಹಿಸಿಕೊಳ್ಳುತ್ತದೆ.

ಆದರೆ ಗುಡ್ಡದ ಮರೆಯಲ್ಲಿರುವ ಊರಿನಲ್ಲಿ ತೊಡಕು ಚಿತ್ರದಲ್ಲಿಲ್ಲ, ಅಲೆಯಲ್ಲಿದೆ. ಮೊಬೈಲು ಫೋನಿನ ಅಲೆಯ ಉದ್ದ ಕೆಲವು ಅಂಗುಲಗಳು ಮಾತ್ರ. 1,800 ಮೆಗಾಹರ್ಟ್ಸ್ ಕಂಪನಕ್ಕೆ ಅದು ಸುಮಾರು 17 ಸೆಂಟಿಮೀಟರ್. ಇಷ್ಟು ಗಿಡ್ಡ ಅಲೆ ಬಂಡೆಯ ಗುಡ್ಡವನ್ನು ಬಳಸಿ ಹಿಂದಕ್ಕೆ ಬಾಗುವುದು ಬಹಳ ಕಡಿಮೆ. ಬಂದಷ್ಟೇ ಅಲೆಯಲ್ಲಿ ಯಾವ ಬಗೆಯ ಪಾಠ ಹರಿದೀತೆಂಬುದನ್ನು ಲೆಕ್ಕ ಹಾಕಿ ನೋಡೋಣ. ಸಾಧಾರಣ ಗುಣದ ಚಿತ್ರಪಾಠಕ್ಕೆ ಸೆಕೆಂಡಿಗೆ 500 ಕಿಲೋಬಿಟ್ ಬೇಕೆಂದಿಟ್ಟುಕೊಂಡರೆ, ಇಪ್ಪತ್ತು ನಿಮಿಷಕ್ಕೆ 75 ಮೆಗಾಬೈಟ್ ಆಗುತ್ತದೆ. ಅದೇ ಮಾತನ್ನು ಧ್ವನಿಯಾಗಿ ಮಾತ್ರ, ಸೆಕೆಂಡಿಗೆ 32 ಕಿಲೋಬಿಟ್‌ನಂತೆ ಕಳುಹಿಸಿದರೆ ಐದು ಮೆಗಾಬೈಟೂ ತುಂಬದು. ಬರವಣಿಗೆಯಾಗಿ ಕಳುಹಿಸಿದರೆ? ಅಂತರ್ಜಾಲದ ಸಾಮಾನ್ಯ ಲಿಪಿಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಹಿಡಿಯುತ್ತದೆ; ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಸಾಕು. ಈ ಅನ್ಯಾಯವನ್ನು ನುಂಗಿಕೊಂಡರೂ, ಪುಟಕ್ಕೆ 1,500 ಸಂಕೇತಗಳಂತೆ ಹತ್ತು ಪುಟದ ಕನ್ನಡ ಪಾಠ 45 ಕಿಲೋಬೈಟ್ ಮಾತ್ರ. ಚಿತ್ರಪಾಠ ಇದರ 1,600 ಪಟ್ಟಿಗೂ ಹೆಚ್ಚು ಭಾರ. ಹಾಗಿದ್ದರೂ ಪಾಠ ಸಿದ್ಧಪಡಿಸುವವರಿಗೆ ಚಿತ್ರದ ಮೇಲೆಯೇ ಮೋಹ. ಓದಬಲ್ಲವರಿಗೆ, ಅದರಲ್ಲಿಯೂ ಓದಿಸಬಲ್ಲವರಿಗೆ, ಹತ್ತು ಪುಟದ ಅಚ್ಚುಕಟ್ಟಾದ ಬರವಣಿಗೆ ಎಷ್ಟೋ ಸಲ ಹೆಚ್ಚು ಉಪಕಾರಿ ಎಂಬುದು ನಮ್ಮ ಅಭಿಪ್ರಾಯ.

ಇರಲಿ, ಅಲೆ ಬಂದಿತು, ಪಾಠ ತೆರೆಯಿತು, ಉಪಾಧ್ಯಾಯಿನಿ ನೋಡಿದರು ಎಂದಿಟ್ಟುಕೊಳ್ಳೋಣ. ನೋಡಿದ್ದು ಕಲಿತದ್ದಾಯಿತೇ? ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಸಾರಿ ಓದಿತು. ಇನ್ನೊಂದು ಗುಂಪು ಒಂದೇ ಸಾರಿ ಓದಿ, ಮೂರು ಸಾರಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಓದುಗರೇ ಮುಂದಿದ್ದರು: 100ಕ್ಕೆ 83, ಬರೆದವರು 71. ಒಂದು ವಾರದ ಬಳಿಕ ಸ್ಥಿತಿ ತಿರುಗುಮುರುಗಾಗಿತ್ತು: ಓದಿದವರಲ್ಲಿ ಉಳಿದದ್ದು 40, ಬರೆದವರಲ್ಲಿ 61. ಚಿತ್ರ ಮುಗಿದ ಕೂಡಲೇ ಕೇಳುವ ಹತ್ತು ಪ್ರಶ್ನೆಗಳು ಐದು ನಿಮಿಷದ ಪರೀಕ್ಷೆಗೆ ಸಮ. ಅದರಲ್ಲಿ ಗೆದ್ದವರು ಮುಂದಿನ ವಾರದ ತರಗತಿಯಲ್ಲಿಯೂ ಗೆಲ್ಲುವರೆಂಬ ಭರವಸೆ ಏನೂ ಇಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕವನ್ನು ಮತ್ತೆ ಮತ್ತೆ ತಿರುವಿಹಾಕುವ ವಿದ್ಯಾರ್ಥಿಗಳೂ ಈ ಸಂಖ್ಯೆಗಳನ್ನು ಗಮನಿಸಬಹುದು.

ಒಂಟಿಯಾಗಿ ಕಲಿಯುವುದರ ಇನ್ನೊಂದು ಕಷ್ಟ, ಹಿಡಿದದ್ದನ್ನು ಮುಗಿಸದಿರುವುದು. ಅಮೆರಿಕದ ಎರಡು ಹೆಸರಾಂತ ವಿದ್ಯಾಸಂಸ್ಥೆಗಳಾದ ಹಾರ್ವರ್ಡ್ ಮತ್ತು ಎಂ.ಐ.ಟಿ.ಗಳು ಲೋಕಕ್ಕೆಲ್ಲ ತೆರೆದಿಟ್ಟ ಅಂತರ್ಜಾಲ ಪಾಠಗಳಿಗೆ 2017-18ರಲ್ಲಿ ಹೆಸರು ಕೊಟ್ಟವರಲ್ಲಿ ಪೂರ್ತಿ ಮಾಡಿದವರು ನೂರಕ್ಕೆ ಮೂವರಿಗಿಂತ ತುಸು ಹೆಚ್ಚು. ನಮ್ಮ ಉಪಾಧ್ಯಾಯರು ಹೀಗೆ ನಡುವೆ ಬಿಡುವಂತಿಲ್ಲ, ಏಕೆಂದರೆ ತರಬೇತಿ ಇಲಾಖೆಯ ಆದೇಶ. ಆದರೆ ಆದೇಶದಿಂದ ಮುಗಿದ ಪಾಠ ಮನಸ್ಸಿಗೆ ಮುಟ್ಟಿತೆಂದು ಹೇಳುವುದು ಹೇಗೆ? ಮಲಗಿದ್ದವರ ಪಕ್ಕದಲ್ಲಿ ಫೋನು ತಾನೇ ಓಡಿ ಮುಗಿದರೂ ಲೆಕ್ಕದಲ್ಲಿ ಅದು ಮುಗಿದಂತೆಯೇ.

ಇಷ್ಟಕ್ಕೂ ತಲೆಯೊಳಗೆ ಮೊದಲೇ ಬೇರೂರಿರುವ ತಪ್ಪು ಕಲ್ಪನೆ ಉಪನ್ಯಾಸದಿಂದ ಕದಲುವುದಿಲ್ಲ. 1987ರಲ್ಲಿ ತಯಾರಾದ ಒಂದು ಚಲನಚಿತ್ರಕ್ಕಾಗಿ ಹಾರ್ವರ್ಡಿನ ಪದವಿ ಪ್ರದಾನದ ದಿನ 23 ಮಂದಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಹಿಡಿದು ಕೇಳಿದಾಗ, 21 ಮಂದಿಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಕೇಳಿದ್ದು ಬೇಸಿಗೆ ಏಕೆ ಬರುತ್ತದೆ, ಚಂದ್ರನ ಕಲೆಗಳು ಏಕೆ ಆಗುತ್ತವೆ ಎಂಬಂಥ ಪ್ರಶ್ನೆಗಳನ್ನು. ಸೂರ್ಯನು ಹತ್ತಿರ ಬಂದಾಗ ಬೇಸಿಗೆ ಎಂದವರೇ ಬಹಳ. ವಾಸ್ತವವಾಗಿ ಭೂಮಿ ಸೂರ್ಯನಿಗೆ ಅತ್ಯಂತ ಸಮೀಪವಾಗುವುದು ಜನವರಿಯ ಮೊದಲ ವಾರದಲ್ಲಿ, ಕೊಟ್ಟೂರಿನವರು ಮುಂಜಾನೆ ಕಂಬಳಿ ಹೊದೆಯುವ ಕಾಲದಲ್ಲಿ.

ಹಾಗಾದರೆ ಮನೆಗೆ ಬಂದ ಪಾಠ ವ್ಯರ್ಥವೇ? ದಕ್ಷಿಣ ಆಫ್ರಿಕದ ಮ್ಪುಮಲಾಂಗಾ ಪ್ರಾಂತದಲ್ಲಿ ನಡೆದು, 2022ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. 180 ಶಾಲೆಗಳಲ್ಲಿ 50 ಶಾಲೆಗಳ ಉಪಾಧ್ಯಾಯರ ತರಗತಿಗೆ ಮಾರ್ಗದರ್ಶಿಯೊಬ್ಬರು ಸ್ವತಃ ಹೋಗಿ ಕುಳಿತು ನೋಡಿ ಸಲಹೆ ಕೊಟ್ಟರು. ಇನ್ನು 50 ಶಾಲೆಗಳಿಗೆ ಅದೇ ಪಾಠಕ್ರಮವನ್ನು ಕೈಗಣಕದಲ್ಲಿ ಕೊಟ್ಟು, ಸಲಹೆಯನ್ನು ಫೋನಿನ ಮೂಲಕ ಕಳುಹಿಸಿದರು. ಮಿಕ್ಕವಕ್ಕೆ ಎರಡೂ ಇಲ್ಲ. ಮೂರು ವರ್ಷದ ಬಳಿಕ ಅಳೆದದ್ದು ಉಪಾಧ್ಯಾಯರನ್ನಲ್ಲ, ಅವರ ಮಕ್ಕಳನ್ನು. ಇಂಗ್ಲಿಷ್ ಮಾತುಗಾರಿಕೆಯಲ್ಲಿ ಫೋನಿನ ಸಲಹೆಯಿಂದಲೂ ಲಾಭವಾಗಿತ್ತು, ಆದರೆ ಎದುರು ಬಂದ ಸಲಹೆಯ ಅರ್ಧಕ್ಕಿಂತ ಕಡಿಮೆ. ಓದುವ ಶಕ್ತಿ ಹೆಚ್ಚಿದ್ದು ಮಾರ್ಗದರ್ಶಿ ತಾವೇ ಬಂದ ಶಾಲೆಗಳಲ್ಲಿ ಮಾತ್ರ. ಫೋನಿನ ಗುಂಪಿನ ಮಕ್ಕಳು ತಮ್ಮ ಮನೆಮಾತಿನ ಓದಿನಲ್ಲಿ ಹಿಂದೆ ಬಿದ್ದಿದ್ದರೆಂಬುದು ಯಾರೂ ನಿರೀಕ್ಷಿಸದೆ ಇದ್ದ ನಷ್ಟ.

ಇಲ್ಲಿ 1975ರ ತಂತಿಬಲೆಯ ತಟ್ಟೆಗೆ ಮರಳೋಣ. ಅಂದಿನವರು ಪರದೆಯ ಪಾಠಕ್ಕೆ ಎರಡು ಸಂಗಾತಿಗಳನ್ನು ಕೊಟ್ಟಿದ್ದರು: ಒಂದು ಕೈಯ ಕೆಲಸ, ಇನ್ನೊಂದು ಪಕ್ಕದಲ್ಲಿ ಕುಳಿತ ಮತ್ತೊಬ್ಬ ಉಪಾಧ್ಯಾಯ. ಯಂತ್ರ ಬಡವಾಗಿತ್ತು, ಏರ್ಪಾಡು ಶ್ರೀಮಂತವಾಗಿತ್ತು. ಇಂದು ಯಂತ್ರ ಕಿಸೆಯೊಳಗೆ ಬಂದಿದೆ, ಸಂಗಾತಿಗಳು ಮಾತ್ರ ಬಾಗಿಲ ಹೊರಗೆ ಉಳಿದಿದ್ದಾರೆ. ಕರ್ನಾಟಕದಲ್ಲಿ ಅವರನ್ನು ಒಳಗೆ ಕರೆಯುವ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಬೆಂಗಳೂರಿನ ಐ.ಟಿ. ಫಾರ್ ಚೇಂಜ್ ಸಂಸ್ಥೆಯೂ ಕೂಡಿ ಕಟ್ಟಿದ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ' ಭಂಡಾರದಲ್ಲಿ ಪ್ರೌಢಶಾಲೆಯ ಉಪಾಧ್ಯಾಯರು ಓದುಗರು ಮಾತ್ರವಲ್ಲ, ಬರೆಯುವವರು ಕೂಡ. ವಿಕಿಪೀಡಿಯದ ಗಣಕಕ್ರಮವೇ ಅದಕ್ಕೂ ಆಧಾರ. ತಾನು ಮಾಡಿ ನೋಡಿದ ಪಾಠವನ್ನು ಇನ್ನೊಬ್ಬರಿಗಾಗಿ ಬರೆದಿಡುವವನು ಅದನ್ನು ಎರಡನೆಯ ಸಲ ಕಲಿಯುತ್ತಾನೆ.

ಈಗ ನಮ್ಮ ಉಪಾಧ್ಯಾಯಿನಿಯ ನೆರಳಿನ ಪಾಠವನ್ನೇ ತೆಗೆದುಕೊಳ್ಳೋಣ. ಮಧ್ಯಾಹ್ನ ಸೂರ್ಯನು ದಿನವೂ ನೆತ್ತಿಯ ಮೇಲೆ ಬರುವನೆಂದು ಬಹಳ ಜನ ನಂಬಿದ್ದಾರೆ. ಅದು ಸುಳ್ಳು. ಈ ಐದು ತಾಲ್ಲೂಕುಗಳೂ 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಆದುದರಿಂದ ಸೂರ್ಯನು ಇಲ್ಲಿ ಸರಿಯಾಗಿ ನೆತ್ತಿಗೇರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲಿನ ಕೊನೆಯಲ್ಲಿ ಮತ್ತು ಆಗಸ್ಟ್ 12ರ ಸುಮಾರಿಗೆ. ಏಪ್ರಿಲಿನಲ್ಲಿ ಶಾಲೆಗೆ ರಜೆ. ಆಗಸ್ಟಿನಲ್ಲಿ ಹರಪನಹಳ್ಳಿಯ ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟರೆ, ಹನ್ನೆರಡೂವರೆ ಗಂಟೆಯ ಹೊತ್ತಿಗೆ ಅದರ ನೆರಳು ಬುಡದಲ್ಲಿಯೇ ಅಡಗುತ್ತದೆ. ಹಡಗಲಿಯ ಉಪಾಧ್ಯಾಯರು ಅದೇ ದಿನ ಅಳೆದು ತಿಳಿಸಿದರೆ ವ್ಯತ್ಯಾಸ ಕಾಣದು. ಎರಡು ಊರುಗಳ ಅಕ್ಷಾಂಶಗಳ ಅಂತರದಿಂದ ನೆರಳಿನಲ್ಲಿ ಆಗುವ ಬದಲಾವಣೆ ನಾಲ್ಕು ಮಿಲಿಮೀಟರ್. ಸೂರ್ಯಬಿಂಬಕ್ಕೆ ಅರ್ಧ ಡಿಗ್ರಿ ಅಗಲವಿರುವುದರಿಂದ ನೆರಳಿನ ತುದಿಯೇ ಒಂಬತ್ತು ಮಿಲಿಮೀಟರಿನಷ್ಟು ಮಸುಕಾಗಿರುತ್ತದೆ.

ಆದರೆ ಬೀದರಿನಲ್ಲಿ ಒಬ್ಬ ಉಪಾಧ್ಯಾಯರು ಅಂದೇ ಅಳೆದರೆ ಅವರ ಕೋಲಿಗೆ 5.4 ಸೆಂಟಿಮೀಟರ್ ನೆರಳು ಉತ್ತರಕ್ಕೆ ಬಿದ್ದಿರುತ್ತದೆ. ಎಂದರೆ 3.1 ಡಿಗ್ರಿ. ಭೂಪಟದಲ್ಲಿ ಎರಡು ಊರುಗಳ ನಡುವೆ ಉತ್ತರ-ದಕ್ಷಿಣವಾಗಿ, ರಸ್ತೆಯ ದಾರಿಯಿಂದಲ್ಲ, ಸುಮಾರು 345 ಕಿಲೋಮೀಟರ್. ಪೂರ್ಣ ವೃತ್ತದ 360 ಡಿಗ್ರಿಯಲ್ಲಿ 3.1 ಡಿಗ್ರಿ 116 ಸಲ ಅಡಕವಾಗುತ್ತದೆ. 345ನ್ನು 116ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ 40,000 ಕಿಲೋಮೀಟರಿನ ಸಮೀಪಕ್ಕೆ ಬಂದು ನಿಲ್ಲುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಎರಟೋಸ್ಥೆನೀಸನು ಈಜಿಪ್ಟಿನ ಎರಡು ಊರುಗಳಿಂದ ಕಂಡುಕೊಂಡದ್ದು ಇದನ್ನೇ. ಅವನಿಗೆ ಫೋನಿರಲಿಲ್ಲ. ಬೀದರಿನ ಆ ಒಂದು ಸಂಖ್ಯೆಯನ್ನು ಹರಪನಹಳ್ಳಿಗೆ ತರುವುದಕ್ಕೆ 75 ಮೆಗಾಬೈಟ್ ಬೇಡ, ಒಂದು ಸಾಲಿನ ಸಂದೇಶ ಸಾಕು. ಗುಡ್ಡದ ಮರೆಯಲ್ಲಿಯೂ ಅದು ನುಸುಳಿ ಬಂದೀತು.

ಮಾಡಿ ನೋಡಹೊರಟವರಿಗೆ ಉಪನ್ಯಾಸದಲ್ಲಿ ಬಾರದ ತೊಡಕುಗಳು ಎದುರಾಗುತ್ತವೆ. ಕೋಲು ಒಂದೇ ಡಿಗ್ರಿ ವಾಲಿದರೂ ನೆರಳು 1.7 ಸೆಂಟಿಮೀಟರ್ ಜಾರಿ, ಭೂಮಿ ಮೂರರಲ್ಲಿ ಒಂದು ಪಾಲಿನಷ್ಟು ಹಿಗ್ಗೀತು ಇಲ್ಲವೆ ಕುಗ್ಗೀತು. ಆದುದರಿಂದ ಗಾರೆ ಕೆಲಸದವರ ತೂಗುಗುಂಡನ್ನು ಕೇಳಿ ತರಬೇಕು. ಇಬ್ಬರೂ ಒಂದೇ ಗಡಿಯಾರದ ಹೊತ್ತಿಗೆ ಅಳೆಯಕೂಡದು. ಬೀದರು ಪೂರ್ವಕ್ಕಿರುವುದರಿಂದ ಅಲ್ಲಿ ಅಂದು ನಡುಹಗಲು 12 ಗಂಟೆ 25 ನಿಮಿಷಕ್ಕೆ, ಹರಪನಹಳ್ಳಿಯಲ್ಲಿ 12 ಗಂಟೆ 31 ನಿಮಿಷಕ್ಕೆ. ಹತ್ತು ನಿಮಿಷ ಮೊದಲಿನಿಂದಲೇ ನೆರಳಿನ ತುದಿಯನ್ನು ನೆಲದ ಮೇಲೆ ಗುರುತು ಹಾಕುತ್ತ ಹೋಗಿ, ಅತಿ ಗಿಡ್ಡವಾದುದನ್ನು ಹಿಡಿಯಬೇಕು. ಅಂದು ಮೋಡ ಕವಿದಿದ್ದರೆ ಚಿಂತೆಯಿಲ್ಲ. ಮರುದಿನ ಹರಪನಹಳ್ಳಿಯಲ್ಲಿಯೂ ಅರ್ಧ ಸೆಂಟಿಮೀಟರಿನಷ್ಟು ನೆರಳು ಉತ್ತರಕ್ಕೆ ಬಿದ್ದಿರುತ್ತದೆ, ಬೀದರಿನದೂ ಅಷ್ಟೇ ಉದ್ದವಾಗಿರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರಾಯಿತು.